ಗೌತಮಪುರದಿಂದ ಬ್ರೆಜಿಲ್ ಆಟಕ್ಕೆ: ಟಿಕೆಟ್ ಸಿಗದ ಓದುಗರಿಗೆ ಉತ್ತರ

ಬೆಂಗಳೂರು ಹಲಸೂರಿನ ಗೌತಮಪುರದ ಓದುಗರೊಬ್ಬರು ಫೆಬ್ರುವರಿಯಲ್ಲಿ ಬರೆದ ಪತ್ರದ ಸಾರ: “2026ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಮೊದಲ ಮೂರು ಪಂದ್ಯಗಳಿಗೂ ತಲಾ ನಾಲ್ಕು ಟಿಕೆಟ್ ಕೇಳಿ ಫಿಫಾ ಲಾಟರಿಗೆ ಅರ್ಜಿ ಹಾಕಿದ್ದೆ. ಒಂದೂ ಬರಲಿಲ್ಲ. ಈಗ ಫಿಫಾದ್ದೇ ಮರುಮಾರಾಟದ ಪುಟದಲ್ಲಿ ಟಿಕೆಟ್‌ಗೆ ಕೈ ಸುಡುವ ಬೆಲೆ. ಪೇಪರಿನಲ್ಲಿ ಬಂದ 60 ಡಾಲರ್ ಟಿಕೆಟ್ ಎಲ್ಲಿದೆ? ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಅಕ್ಕ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ, ಉಳಿಯುವ ಚಿಂತೆಯಿಲ್ಲ. ನಾನೀಗ ಏನು ಮಾಡಲಿ?”

ಸಂಪಾದಕರ ಉತ್ತರ:

ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬಡಾವಣೆಯಿಂದ ಬಂದ ಪತ್ರವಿದು. ‘ಟಿವಿಯಲ್ಲೇ ನೋಡಿ’ ಎಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ದಾರಿ ಕಿರಿದಾಗಿದೆ, ಮುಚ್ಚಿಲ್ಲ.

ಮೊದಲು, ಟಿಕೆಟ್ ಯಾಕೆ ಬರಲಿಲ್ಲ ಎಂಬುದು. ನೀವು ಅರ್ಜಿ ಹಾಕಿದ್ದು ಮೂರನೆಯ ಸುತ್ತಿಗೆ. ಸೆಪ್ಟೆಂಬರ್ 2025ರಲ್ಲಿ ವೀಸಾ ಕಂಪನಿಯ ಕಾರ್ಡ್ ಇದ್ದವರಿಗೆ ಒಂದು ಸುತ್ತು, ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ಸುತ್ತು ಆಗಿಹೋಗಿತ್ತು. ಆ ಎರಡರಲ್ಲಿ ಲಾಟರಿ ಗೆದ್ದವರಿಗೆ ಸಿಕ್ಕಿದ್ದು ಟಿಕೆಟ್ ಅಲ್ಲ, ಕೊಳ್ಳಲು ಒಂದು ಸಮಯ. ಡಿಸೆಂಬರ್ 11ರಿಂದ ಜನವರಿ 13ರವರೆಗಿನ ಮೂರನೆಯ ಸುತ್ತಿನ ಪದ್ಧತಿಯೇ ಬೇರೆ. ಪಂದ್ಯ, ದರ್ಜೆ, ಎಷ್ಟು ಟಿಕೆಟ್ ಎಂದು ಬರೆದು ಕಾರ್ಡ್ ನಂಬರ್ ಕೊಟ್ಟು ಕಾಯಬೇಕಿತ್ತು. ಹೆಸರು ಬಂದರೆ ಹಣ ತಾನಾಗಿ ಕಡಿತ. ಯಾವ ತಂಡ ಯಾವ ಊರಿನಲ್ಲಿ ಆಡುತ್ತದೆಂದು ಗೊತ್ತಾಗಿದ್ದೇ ಡಿಸೆಂಬರ್ 5ರ ನಂತರ. ಹಾಗಾಗಿ ಕಾದು ಕುಳಿತಿದ್ದವರೆಲ್ಲ ಈ ಸುತ್ತಿಗೇ ಮುಗಿಬಿದ್ದರು. ಬಂದ ಕೋರಿಕೆ 50 ಕೋಟಿಗೂ ಹೆಚ್ಚು. 104 ಪಂದ್ಯಗಳ ಸೀಟುಗಳನ್ನೆಲ್ಲ ಕೂಡಿಸಿದರೂ ಸುಮಾರು 70 ಲಕ್ಷ, ಅದರಲ್ಲೂ ಒಂದು ಪಾಲು ಆಗಲೇ ಮಾರಾಟವಾಗಿತ್ತು. ಮೊದಲ ದಿನ ಅರ್ಜಿ ಹಾಕಿದವರಿಗೂ ಕೊನೆಯ ದಿನ ಹಾಕಿದವರಿಗೂ ಸಮಾನ ಅವಕಾಶವಿತ್ತು. ಆದ್ದರಿಂದ ‘ಇನ್ನೂ ಬೇಗ ಹಾಕಬೇಕಿತ್ತು’ ಎಂದು ಕೊರಗಬೇಡಿ.

60 ಡಾಲರ್ ಟಿಕೆಟ್‌ನ ಸುದ್ದಿ ಸುಳ್ಳಲ್ಲ, ಆದರೆ ಅದು ನಿಮಗೆ ದಕ್ಕುವಂಥದ್ದಲ್ಲ. ಪ್ರತಿ ಪಂದ್ಯದಲ್ಲಿ ಆಡುವ ಎರಡೂ ದೇಶಗಳ ಫುಟ್‌ಬಾಲ್ ಸಂಸ್ಥೆಗಳಿಗೆ ತಲಾ ಶೇ. 8ರಷ್ಟು ಸೀಟು ಮೀಸಲು. ಆ ಶೇ. 8ರಲ್ಲಿ ಹತ್ತನೇ ಒಂದು ಭಾಗವನ್ನು 60 ಡಾಲರ್‌ಗೆ ಕೊಡುತ್ತೇವೆ ಎಂದು ಫಿಫಾ ಡಿಸೆಂಬರ್ 16ರಂದು ಪ್ರಕಟಿಸಿತು. ಲೆಕ್ಕ ಹಾಕಿ: 80 ಸಾವಿರ ಸೀಟಿನ ಕ್ರೀಡಾಂಗಣವಾದರೆ ಒಂದು ತಂಡಕ್ಕೆ 6,400, ಅದರಲ್ಲಿ 60 ಡಾಲರ್‌ನದು 640. ಅದನ್ನು ಬ್ರೆಜಿಲ್‌ನ ಸಂಸ್ಥೆ ತನ್ನ ಖಾಯಂ ಬೆಂಬಲಿಗರಿಗೆ ಹಂಚುತ್ತದೆ. ಮೂರು ತಲೆಮಾರಿನಿಂದ ಹಳದಿ ಅಂಗಿ ತೊಟ್ಟರೂ ಗೌತಮಪುರದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಬೆಲೆಯ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. 1994ರಲ್ಲಿ ಇದೇ ಅಮೆರಿಕದಲ್ಲಿ ವಿಶ್ವಕಪ್ ನಡೆದಾಗ ಫೈನಲ್‌ನ ಅತಿ ದುಬಾರಿ ಟಿಕೆಟ್ 475 ಡಾಲರ್. ಈ ಸಲದ ಆತಿಥ್ಯ ಕೇಳುವಾಗ ಸಲ್ಲಿಸಿದ ದಾಖಲೆಯಲ್ಲಿ ಫೈನಲ್‌ನ ಗರಿಷ್ಠ ಬೆಲೆ 1,550 ಡಾಲರ್ ಎಂದಿತ್ತು. ಡಿಸೆಂಬರ್‌ನಲ್ಲಿ ಬೆಂಬಲಿಗರ ಪಾಲಿನ ದರಪಟ್ಟಿ ಹೊರಬಿದ್ದಾಗ ಫೈನಲ್‌ನ ಅತಿ ಅಗ್ಗದ ಸೀಟೇ 4,185 ಡಾಲರ್! ಯುರೋಪಿನ ಅಭಿಮಾನಿ ಸಂಘಟನೆಗಳು ದ್ರೋಹ ಎಂದು ಕೂಗಿದ ಮೇಲೆಯೇ ಆ 60 ಡಾಲರ್‌ನ ಹೊಸ ದರ್ಜೆ ಬಂತು. ಬೇಡಿಕೆ ನೋಡಿಕೊಂಡು ಹಂತದಿಂದ ಹಂತಕ್ಕೆ ಬೆಲೆ ಬದಲಾಯಿಸುವ ಈ ಪದ್ಧತಿ ಅಭಿಮಾನಿಯ ಪ್ರೀತಿಯನ್ನೇ ಅಳೆದು ಅದಕ್ಕೆ ದರ ಕಟ್ಟುತ್ತದೆ. ನಮಗಿದು ತಪ್ಪಾಗಿ ಕಾಣುತ್ತದೆ.

ಮರುಮಾರಾಟದಲ್ಲಿ ಮೂಗಿಗಿಂತ ಮೂಗುತಿ ಭಾರ. ಮಾರುವವರು 400 ಡಾಲರ್ ಎಂದು ಹಾಕಿದ ಒಂದು ಸೀಟನ್ನು ನೋಡೋಣ. ಕೊಳ್ಳುವವರ ಮೇಲೆ ಶೇ. 15, ಅಂದರೆ ನೀವು ಕೊಡುವುದು 460. ಮಾರುವವರಿಂದಲೂ ಶೇ. 15, ಅವರ ಕೈಗೆ ಸಿಗುವುದು 340. ನಡುವಿನ 120 ಡಾಲರ್ ಫಿಫಾಗೆ. ಅಮೆರಿಕದಲ್ಲಿ ಬೆಲೆಗೆ ಮಿತಿಯಿಲ್ಲ, ಎಷ್ಟಕ್ಕೆ ಬೇಕಾದರೂ ಮಾರಲು ಇಡಬಹುದು. ಆದರೆ ಇಟ್ಟ ಬೆಲೆಗೆ ಎಲ್ಲವೂ ಮಾರಾಟವಾಗುವುದಿಲ್ಲ ಎನ್ನುವುದನ್ನೂ ನೆನಪಿಡಿ. ಜುಲೈ 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಬ್ರೆಜಿಲ್‌ನ ಫ್ಲುಮಿನೆನ್ಸ್ ನಡುವಿನ ಸೆಮಿಫೈನಲ್‌ಗೆ ಫಿಫಾ ತಾನೇ ಮಾರುತ್ತಿದ್ದ ಟಿಕೆಟ್ 473.90 ಡಾಲರ್‌ನಿಂದ ಕೊನೆಯ ದಿನಗಳಲ್ಲಿ 13.40ಕ್ಕೆ ಕುಸಿಯಿತು. ಬ್ರೆಜಿಲ್ ಈ ಸಲ ಮೊರಾಕ್ಕೊ ಎದುರು ತನ್ನ ಮೊದಲ ಪಂದ್ಯ ಆಡುವ ನ್ಯೂಜೆರ್ಸಿಯ ಕ್ರೀಡಾಂಗಣವೇ ಅದು. ಬ್ರೆಜಿಲ್‌–ಮೊರಾಕ್ಕೊ ಪಂದ್ಯಕ್ಕೆ ಅಷ್ಟು ಇಳಿಯುತ್ತದೆಂದು ನಾವು ಹೇಳುತ್ತಿಲ್ಲ. ಫೆಬ್ರುವರಿಯ ಬೆಲೆಗೇ ಹೆದರಿ ಕೊಳ್ಳಬೇಡಿ ಎನ್ನುತ್ತಿದ್ದೇವೆ, ಅಷ್ಟೆ.

ಇನ್ನು ಮಾಡಬೇಕಾದ್ದು. ನಿಮ್ಮ ಪತ್ರದಲ್ಲಿ ಅಮೆರಿಕದ ವೀಸಾ ಇದೆಯೇ ಎಂಬ ಮಾತೇ ಇಲ್ಲ. ಇದ್ದರೆ ಅರ್ಧ ಗೆದ್ದಿರಿ. ಇಲ್ಲದಿದ್ದರೆ ಟಿಕೆಟ್ ಬಿಟ್ಟು ಇಂದೇ ಅದರ ಕೆಲಸ ಶುರುಮಾಡಿ: ಡಿಎಸ್‌-160 ಅರ್ಜಿ, 185 ಡಾಲರ್ ಶುಲ್ಕ, ಆಮೇಲೆ ಚೆನ್ನೈ, ಹೈದರಾಬಾದ್ ಹೀಗೆ ಯಾವ ಕಾನ್ಸುಲೇಟ್‌ನಲ್ಲಿ ಮೊದಲು ದಿನಾಂಕ ಸಿಗುತ್ತದೋ ಅಲ್ಲಿ ಸಂದರ್ಶನ. ದುಬೈ, ಬ್ಯಾಂಕಾಕ್‌ಗೆ ಹೋಗಿ ಸಂದರ್ಶನ ಮುಗಿಸಿಕೊಂಡು ಬರುವ ಹಳೆಯ ಉಪಾಯ ಸೆಪ್ಟೆಂಬರ್ 2025ರಿಂದ ನಡೆಯುವುದಿಲ್ಲ. ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಆಗಬೇಕು. ಫಿಫಾದಿಂದ ನೇರವಾಗಿ ಟಿಕೆಟ್ ಕೊಂಡವರಿಗೆ ‘ಫಿಫಾ ಪಾಸ್’ ಎಂಬ ಏರ್ಪಾಡಿನಲ್ಲಿ ಸಂದರ್ಶನದ ದಿನಾಂಕ ಬೇಗ ಸಿಗುತ್ತದೆ. ಬೇಗ ಸಿಗುವುದು ದಿನಾಂಕ ಮಾತ್ರ, ವೀಸಾ ಅಲ್ಲ. ನಿರಾಕರಣೆಯಾದರೆ ಟಿಕೆಟ್ ಹಣ ವಾಪಸ್ ಬರುವುದಿಲ್ಲ. ಅದೇ ಮರುಮಾರಾಟದ ಪುಟದಲ್ಲಿ ಶೇ. 15 ಕಳೆದುಕೊಂಡು ಮಾರಬೇಕು.

ಕೊನೆಯ ಹಂತದ ಮಾರಾಟದಲ್ಲಿ ಲಾಟರಿ ಇಲ್ಲ, ಮೊದಲು ಬಂದವರಿಗೆ ಟಿಕೆಟ್. ಇಲ್ಲಿ ಸೋಲುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ. ಒಂದು, ಗಡಿಯಾರ. ಪ್ರಕಟಣೆಗಳಲ್ಲಿ ಕೊಡುವುದು ನ್ಯೂಯಾರ್ಕ್ ಸಮಯ. ಜನವರಿ 13ರಂದು ಅಲ್ಲಿಯ ಬೆಳಿಗ್ಗೆ 11 ಗಂಟೆ ನಮಗೆ ರಾತ್ರಿ 9.30 ಆಗಿತ್ತು, ಮಾರ್ಚ್ 8ರಂದು ಅವರು ಗಡಿಯಾರ ಮುಂದೆ ತಿರುಗಿಸಿದ ಮೇಲೆ ಅದೇ 11 ನಮಗೆ 8.30. ಹಳೆಯ ಲೆಕ್ಕದಲ್ಲಿ ಕೂತರೆ ಒಂದು ಗಂಟೆ ತಡ. ಎರಡು, ಕಾರ್ಡ್. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವಹಿವಾಟನ್ನು ನೀವೇ ಆನ್ ಮಾಡಿ ಮಿತಿ ಏರಿಸಬೇಕು. ಟಿಕೆಟ್ ಮೊತ್ತಕ್ಕೆ ಸರಿಯಾಗಿ ಮಿತಿ ಇಡಬೇಡಿ. ವಿದೇಶಿ ಕರೆನ್ಸಿ ಶುಲ್ಕವೂ ಅದರ ಮೇಲೆ ಜಿಎಸ್‌ಟಿಯೂ ಸೇರುತ್ತದೆ. ಹಿಂದಿನ ದಿನವೇ ಯಾವುದಾದರೂ ವಿದೇಶಿ ತಾಣದಲ್ಲಿ ಒಂದೆರಡು ಡಾಲರ್ ಖರ್ಚು ಮಾಡಿ ಓಟಿಪಿ ಬರುತ್ತದೆಯೇ ನೋಡಿ. ಮೂರು, ಸಾಲು. ಮಾರಾಟ ತೆರೆಯುವ ಮುಂಚೆಯೇ ನಿಮ್ಮ ಫಿಫಾ ಖಾತೆಗೆ ಲಾಗಿನ್ ಆಗಿ. ಕಾಯುವ ಪುಟ ಬಂದ ಮೇಲೆ ರಿಫ್ರೆಶ್ ಒತ್ತಬೇಡಿ, ಸಾಲಿನಲ್ಲಿ ಹಿಂದೆ ಬೀಳುವ ಅಪಾಯವಿದೆ.

ನಾಲ್ಕು ಟಿಕೆಟ್ ಬೇಡ. ಒಂದು ಪಂದ್ಯಕ್ಕೆ ಒಂದು ಮನೆಗೆ ನಾಲ್ಕರ ಮಿತಿ ಇದೆಯೆಂದು ಎಲ್ಲರೂ ನಾಲ್ಕೇ ಕೇಳುತ್ತಾರೆ. ಮಾರಾಟದ ಕೊನೆಯಲ್ಲಿ ಉಳಿಯುವುದು ಬಿಡಿ ಸೀಟುಗಳು. ನಿಮಗೊಂದು, ಅಕ್ಕನಿಗೊಂದು ಎಂದು ಎರಡು ಕೇಳಿ. ಬೇರೆ ಬೇರೆ ಕೂರಲು ಒಪ್ಪಿದರೆ ಇನ್ನೂ ಒಳ್ಳೆಯದು.

ವಾಟ್ಸ್ಆ್ಯಪ್‌ನವರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಟಿಕೆಟ್ ಇರುವುದು ಫಿಫಾದ ಮೊಬೈಲ್ ಆ್ಯಪ್‌ನಲ್ಲಿ, ಖರೀದಿಸಿದವರ ಖಾತೆಗೆ ಅಂಟಿಕೊಂಡು. ಪಿಡಿಎಫ್, ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯುವುದಿಲ್ಲ. ‘ಜೂನ್‌ನಲ್ಲಿ ನಿಮ್ಮ ಖಾತೆಗೆ ಕಳಿಸುತ್ತೇನೆ’ ಎಂಬ ಮಾತಿಗೆ ಯಾವ ರಸೀದಿಯೂ ಇಲ್ಲ. ಅಂಥ ಟಿಕೆಟ್ ತೋರಿಸಿ ಫಿಫಾ ಪಾಸ್ ಕೇಳುವಂತೆಯೂ ಇಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ಸಲಹೆ. ಮೂರೂ ಪಂದ್ಯಗಳ ಹಿಂದೆ ಓಡಬೇಡಿ. ಜೂನ್ 13ರ ಮೊರಾಕ್ಕೊ ಪಂದ್ಯ ಅಕ್ಕನ ಮನೆಗೆ ಹತ್ತಿರ, ನಿಜ; ಆದರೆ ನ್ಯೂಯಾರ್ಕ್ ಪಕ್ಕದ ಶನಿವಾರದ ಆಟ, ನೂಕುನುಗ್ಗಲು ಹೆಚ್ಚು. ಜೂನ್ 24ರ ಸ್ಕಾಟ್ಲೆಂಡ್ ಪಂದ್ಯ ಮಯಾಮಿಯಲ್ಲಿ, ವಿಮಾನದ ಖರ್ಚು ಬೇರೆ. ಜೂನ್ 19ರಂದು ಹೈಟಿ ಎದುರಿನ ಪಂದ್ಯ ಫಿಲಡೆಲ್ಫಿಯಾದಲ್ಲಿದೆ. ನಾವಾದರೆ ಅದನ್ನೇ ಹಿಡಿಯುತ್ತಿದ್ದೆವು. ಎಡಿಸನ್‌ನಿಂದ ಟ್ರೆಂಟನ್‌ವರೆಗೆ ಒಂದು ರೈಲು, ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಇನ್ನೊಂದು, ಊರೊಳಗೆ ಬ್ರಾಡ್ ಸ್ಟ್ರೀಟ್ ಸಬ್‌ವೇಯ ದಕ್ಷಿಣದ ಕೊನೆಯ ನಿಲ್ದಾಣದಲ್ಲಿ ಇಳಿದರೆ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ರಾತ್ರಿ ಆಟವಾದ್ದರಿಂದ ವಾಪಸ್ ಬರುವ ಕೊನೆಯ ರೈಲಿನ ವೇಳೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಅಕ್ಕನಿಂದ ವಿಚಾರಿಸಿಡಿ. ತಪ್ಪಿದರೆ ಬೆಳಗಿನವರೆಗೆ ಫಿಲಡೆಲ್ಫಿಯಾದಲ್ಲೇ ಉಳಿಯಬೇಕಾಗುತ್ತದೆ.