ಸಂಜೆ ಆರರ ನಂತರ ಏನು ಮಾಡಲಿ?

ಕಾರವಾರದ ಬೈತಖೋಲದಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಟ್ರಾಲರ್ ಬೋಟಿನಲ್ಲಿ ಖಲಾಸಿ. ವರ್ಷಗಟ್ಟಲೆ ಕುಡಿದು, ಕಳೆದ ಮಳೆಗಾಲದಲ್ಲಿ ಮದ್ಯವರ್ಜನ ಶಿಬಿರ ಸೇರಿ ಬಿಟ್ಟಿದ್ದಾರೆ. ಅವರ ಮಾತು ಇದು:

"ಬಿಟ್ಟ ಮೇಲೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ. ಬೋಟಿನಿಂದ ಇಳಿದು ಮನೆಗೆ ಬಂದರೆ ಸಂಜೆ ಆರರ ನಂತರ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಜೂನ್ ಬಂತು ಅಂದರೆ ಬೋಟೂ ಇಲ್ಲ, ದಿನವಿಡೀ ಹಾಗೇ. ಹೆಂಡತಿ ಈಗಲೂ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಾಳೆ. ನಮ್ಮ ಬೋಟು ನಡೆಸುವ ತಂಡೇಲರೂ ಬಿಡಬೇಕು ಅನ್ನುತ್ತಿದ್ದಾರೆ. ಬೆಳಿಗ್ಗೆ ಹಾಕದಿದ್ದರೆ ಅವರಿಗೆ ಕೈ ನಡುಗುತ್ತದೆ. ಬೋಟು ನಿಂತ ಮೇಲೆ ಮನೆಯಲ್ಲೇ ಕೂಡಿಹಾಕಿ ಬಿಡಿಸಲೇ?"

ಮೊದಲು ತಂಡೇಲರ ವಿಷಯ. ಅದು ಜೀವದ ಪ್ರಶ್ನೆ. ದಯವಿಟ್ಟು ಕೂಡಿಹಾಕಬೇಡಿ. ಬೆಳಿಗ್ಗೆ ಕೈ ನಡುಗುತ್ತದೆ ಅಂದರೆ ಅವರ ಮೈ ಮದ್ಯಕ್ಕೆ ಪೂರ್ತಿ ಒಗ್ಗಿಹೋಗಿದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಭ್ರಮೆ ಶುರುವಾಗುತ್ತದೆ. ಇಲ್ಲದ್ದು ಕಾಣುತ್ತದೆ, ಮೈಯೆಲ್ಲ ಬೆವರುತ್ತದೆ, ಜ್ವರ ಏರುತ್ತದೆ, ಮನೆಯವರ ಗುರುತೂ ತಪ್ಪುತ್ತದೆ. ದೆವ್ವ ಬಡಿದಿದೆ ಅಂದುಕೊಂಡು ತಾಯಿತ ಕಟ್ಟಿಸಲು ಓಡುವವರಿದ್ದಾರೆ. ಅದು ದೆವ್ವವಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದಾದ ಕಾಯಿಲೆ. ಆಸ್ಪತ್ರೆಯಲ್ಲಾದರೆ ನಡುಕ ಇಳಿಸುವ ಮಾತ್ರೆ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ, ಏಕೆಂದರೆ ಜಾಸ್ತಿ ಕುಡಿಯುವವರ ಮೈಯಲ್ಲಿ ಅದು ಬತ್ತಿರುತ್ತದೆ. ಕಾರವಾರದಲ್ಲೇ ಕ್ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ತೊಂದರೆಯಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋಗುವಾಗ ಅವರ ಮನೆಯವರನ್ನೂ ಕರೆದುಕೊಳ್ಳಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಸರಿಯಾಗಿ ಹೇಳುವವರು ಅವರೇ.

ಹಾಗೇ ಇನ್ನೊಂದು ಮಾತು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಮಾತ್ರೆ ಅಂತ ಯಾರಾದರೂ ತಂದುಕೊಟ್ಟರೆ ಮುಟ್ಟಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆ ನಿಜವಾಗಿಯೂ ಇದೆ, ಕೆಲವರಿಗೆ ತುಂಬ ಉಪಕಾರವನ್ನೂ ಮಾಡಿದೆ. ಆದರೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ನುಂಗುವವರಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ವೈದ್ಯರೇ ಕೊಡಬೇಕಾದ ಔಷಧ ಅದು.

ಈಗ ನಿಮ್ಮ ಸಂಜೆ. ಖಾಲಿ ಖಾಲಿ ಅನ್ನಿಸುವುದು ನಿಮ್ಮ ದೌರ್ಬಲ್ಯವಲ್ಲ. ಇಷ್ಟು ವರ್ಷ ನಿಮ್ಮ ಮಿದುಳಿಗೆ ಖುಷಿ ಅಂದರೆ ಬಾಟಲಿ ಅಂತಲೇ ಅಭ್ಯಾಸವಾಗಿತ್ತು. ಅದಿಲ್ಲದೆ ಊಟ, ಮಾತು, ನಿದ್ದೆ ರುಚಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಶಿಬಿರದ ಎಂಟು ದಿನ ಸುತ್ತ ಜನ ಇದ್ದರು, ಭಜನೆ ಇತ್ತು, ಹೊತ್ತು ಹೊತ್ತಿಗೆ ಊಟ ಇತ್ತು. ಮನೆಗೆ ಬಂದ ಮೇಲೆ ಬರೀ ಗಡಿಯಾರ. ಕುಡಿತದ ಜೊತೆಗೆ ನಿಮ್ಮ ಗೆಳೆಯರ ಗುಂಪೂ ಹೋಯಿತು ಅಲ್ವಾ? ನಿಮ್ಮನ್ನು ಕಾಡುತ್ತಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ.

ಹಸಿದ ಹೊಟ್ಟೆಯಲ್ಲಿ ಸಂಜೆ ಕಳೆಯಬೇಡಿ. ದಡಕ್ಕೆ ಬಂದ ಕೂಡಲೇ ಏನಾದರೂ ತಿನ್ನಿ. ಗಂಜಿ, ಮೀನು ಸಾರು, ಏನಿದೆಯೋ ಅದು. ಕುಡಿಯಬೇಕು ಅನ್ನುವ ಸೆಳೆತ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಒಬ್ಬರೇ ಇರಬೇಡಿ. ಮಾಜಾಳಿ ಗಡಿ ದಾಟುವ ಗಾಡಿಯನ್ನಂತೂ ಹತ್ತಲೇಬೇಡಿ. ಗೋವಾದಲ್ಲಿ ಮದ್ಯ ಅಗ್ಗ ಅನ್ನುವುದು ಕಾರವಾರದ ಎಷ್ಟೋ ಮನೆಗಳನ್ನು ಹಾಳು ಮಾಡಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ, ಸರಿ. ಆದರೆ ಬಲೆ ಇದೆಯಲ್ಲ? ಹರಿದ ಬಲೆ ಕಟ್ಟುವ ಕೆಲಸವನ್ನು ಬೆಳಿಗ್ಗೆ ಮುಗಿಸದೆ ಸಂಜೆಗೆ ಇಟ್ಟುಕೊಳ್ಳಿ. ಬೆರಳು ಸುಮ್ನೆ ಕೂರದ ಕೆಲಸ ಅದು. ಬಲೆಯ ಒಂದು ಕಣ್ಣು ತಪ್ಪಿದರೆ ಬಿಚ್ಚಿ ಮತ್ತೆ ಗಂಟು ಹಾಕಬೇಕು. ಜಗಲಿಯಲ್ಲಿ ಬಲೆ ಹರಡಿಕೊಂಡು ಮಗನನ್ನೋ ಪಕ್ಕದ ಮನೆ ಹುಡುಗನನ್ನೋ ಎದುರಿಗೆ ಕೂರಿಸಿಕೊಂಡು ಕಲಿಸಿ. ಕಲಿಯುವವನು ಪ್ರಶ್ನೆ ಕೇಳುತ್ತಾನೆ, ನೀವು ಉತ್ತರ ಹೇಳುತ್ತೀರಿ, ಹೊತ್ತು ಸರಿಯುತ್ತದೆ. ಪರಿಚಯದವರ ನಾಡದೋಣಿ ಇದ್ದರೆ ಬೆಳಗಿನ ಕೆಲಸವೂ ಸಿಗಬಹುದು.

ಇನ್ನು ತಂಡೇಲರು. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಷೇರು ವ್ಯವಹಾರದ ಒಬ್ಬರು, ಶಸ್ತ್ರಚಿಕಿತ್ಸಕ ಒಬ್ಬರು ಭೇಟಿಯಾದರು. ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರೇ. ಮೊದಲನೆಯವರು ಆಗಷ್ಟೇ ಬಿಟ್ಟಿದ್ದರು. ಮತ್ತೆ ಕುಡಿಯುವ ಆಸೆ ಬಂದಾಗ ಅವರು ಹುಡುಕಿದ್ದು ತಮ್ಮಂಥ ಇನ್ನೊಬ್ಬ ಕುಡುಕನನ್ನು. ಮಾತಾಡಿದ್ದರಿಂದ ಇಬ್ಬರೂ ಉಳಿದರು. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಹುಟ್ಟಿದ್ದು ಹಾಗೆ. ಆಸ್ಪತ್ರೆಯಿಂದ ಬಂದ ಮೇಲೆ ತಂಡೇಲರಿಗೂ ಸಂಜೆ ಆರು ಗಂಟೆ ಬರುತ್ತದೆ. ಆಗ ನೀವು ಅವರ ಮನೆಗೆ ಹೋಗಿ. ಬುದ್ಧಿ ಹೇಳಬೇಡಿ, ನಿಮಗಾದದ್ದನ್ನು ಹೇಳಿ. ನಿಮ್ಮನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ನಿಮಗೆ ಬೇರೆ ಯಾರು ಸಿಗುತ್ತಾರೆ? ನಿಮ್ಮ ಶಿಬಿರದ ಜೊತೆಗಾರರನ್ನೂ ಕರೆಯಿರಿ. ವಾರಕ್ಕೊಮ್ಮೆ ನಾಲ್ಕು ಜನ ಕೂತರೂ ಸಾಕು.

ನಿಮ್ಮ ಹೆಂಡತಿ ಮೂಸಲಿ ಬಿಡಿ. ಹಿಂದೆ ಎಷ್ಟು ಸಲ "ಇವತ್ತು ಕುಡಿದಿಲ್ಲ" ಅಂದಿದ್ದಿರಿ? ಅಷ್ಟು ವರ್ಷ ಹೆದರಿ ಬಾಗಿಲು ತೆಗೆದವರು ಅವರು. ಸಿಟ್ಟಾಗದೆ ನಿಂತುಕೊಳ್ಳಿ. ದುಡಿದ ದುಡ್ಡನ್ನು ಅವರು ಕೇಳುವ ಮೊದಲೇ ಕೈಗೆ ಕೊಡಿ.

ಅಕಸ್ಮಾತ್ ಒಂದು ದಿನ ಜಾರಿದರೆ ಮುಚ್ಚಿಡಬೇಡಿ. ಅಂದೇ ಹೆಂಡತಿಗೆ ಹೇಳಿ, ಮರುದಿನವೇ ಆಸ್ಪತ್ರೆಗೆ ಹೋಗಿ. ಮಧ್ಯರಾತ್ರಿ ಮನಸ್ಸು ತಡೆಯದಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.