ಡಿಬಗರ್‌ಗೆ ಸ್ವಂತ ಡಿಮ್ಯಾಂಗ್ಲರ್: ಹೆಸರಿನ ಬಾಲ ಕತ್ತರಿಸಿ ನಾನು ಕಳೆದುಕೊಂಡ ಮೂರು ವಾರ

ನಿಮ್ಮ ಪ್ರಶ್ನೆ ಓದಿದ ಕೂಡಲೇ ಹಳೆಯದೆಲ್ಲ ನೆನಪಾಯಿತು. ನಮ್ಮ ತಂಡದಲ್ಲೂ ಹೀಗೇ ಇತ್ತು. ನಮ್ಮದೇ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ, ಅದಕ್ಕೊಂದು ಕಂಪೈಲರ್, ಆದರೆ ಡಿಬಗರ್ (ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ) ತೆರೆದರೆ ಒಂದು ಹೆಸರೂ ಓದಲು ಬರುತ್ತಿರಲಿಲ್ಲ. ಸ್ವಂತ ಡಿಮ್ಯಾಂಗ್ಲರ್ (ಕಂಪೈಲರ್ ತಿರುಚಿದ ಹೆಸರನ್ನು ಮತ್ತೆ ಓದುವಂತೆ ಬಿಡಿಸುವ ಕೋಡ್) ಸೇರಿಸಿ ಹೆಸರುಗಳನ್ನು ಚಿಕ್ಕದಾಗಿ, ಚೆಂದವಾಗಿ ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ಹೇಗೆ ಅಂತ ಹೇಳುತ್ತೇನೆ. ಆದರೆ ಆ 'ಚಿಕ್ಕದಾಗಿ, ಚೆಂದವಾಗಿ' ಅನ್ನುವ ಆಸೆಯೇ ನನ್ನ ಮೂರು ವಾರ ನುಂಗಿದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಕಂಪೈಲರ್ ನೇರವಾಗಿ ಮೆಷಿನ್ ಕೋಡ್ ಕೊಡುತ್ತಿರಲಿಲ್ಲ. ಸಿ ಕೋಡ್ ಬರೆದು ಜಿಸಿಸಿ ಅನ್ನುವ ಸಿ ಕಂಪೈಲರ್ ಕೈಗೆ ಕೊಡುತ್ತಿತ್ತು. ಸ್ಟೋರ್ ಅನ್ನುವ ಮಾಡ್ಯೂಲಿನ ಓಪನ್ ಅನ್ನುವ ಫಂಕ್ಷನ್ನಿಗೆ ಸಿ ಭಾಷೆಯಲ್ಲಿ ಒಂದೇ ಪದದ ಹೆಸರು ಬೇಕಲ್ವಾ? ಅದಕ್ಕೆ '_ಕ್ಯೂ5ಸ್ಟೋರ್4ಓಪನ್' ಅಂತ ಇಡುತ್ತಿದ್ದೆವು. ಮೊದಲಿಗೆ ನಮ್ಮ ಗುರುತು, ಆಮೇಲೆ ಪ್ರತಿ ಹೆಸರಿಗೂ ಮೊದಲು ಅದರ ಉದ್ದ. (5 ಮತ್ತು 4 ಅಂದರೆ ರೋಮನ್ ಲಿಪಿಯಲ್ಲಿ ಬರೆದಾಗ ಬರುವ ಅಕ್ಷರಗಳ ಎಣಿಕೆ.) ಸಿ++ ಬಳಸುವ ಇಟೇನಿಯಂ ಪದ್ಧತಿಯಲ್ಲೂ ಹೆಸರುಗಳು ಹೀಗೇ ಉದ್ದದ ಜೊತೆ ಬರುತ್ತವೆ, ಅಲ್ಲಿ ಗುರುತು '_ಝಡ್'. ನಾವು ಅದನ್ನೇ ನೋಡಿ ಸರಳ ಮಾಡಿಕೊಂಡಿದ್ದೆವು.

ಸೇರಿಸುವ ಕೆಲಸ ಕಷ್ಟದ್ದಲ್ಲ. ಜಿಡಿಬಿ ಅನ್ನುವ ಡಿಬಗರಿನಲ್ಲಿ ಡಿಮ್ಯಾಂಗ್ಲರ್‌ಗೆ ಅಂತ ಪ್ಲಗಿನ್ ಇಲ್ಲ, ಪೈಥಾನ್ ಕಡೆಯಿಂದಲೂ ದಾರಿ ಇಲ್ಲ, ಮೂಲ ಕೋಡನ್ನೇ ತಿದ್ದಬೇಕು. ಅಲ್ಲಿ ಪ್ರತಿ ಭಾಷೆಗೂ ಒಂದು ಕ್ಲಾಸ್ ಇದೆ. ಅದರ ಒಂದು ಮೆಥಡ್ ಹೆಸರನ್ನು ನೋಡಿ 'ಇದು ನನ್ನದು' ಅಥವಾ 'ನನ್ನದಲ್ಲ' ಅನ್ನುತ್ತದೆ, ಇನ್ನೊಂದು ಬಿಡಿಸಿಕೊಡುತ್ತದೆ. ಎಲ್‌ಎಲ್‌ಡಿಬಿ ಅನ್ನುವ ಇನ್ನೊಂದು ಡಿಬಗರಿನಲ್ಲಿ ಕೋರ್ ಫೋಲ್ಡರಿನ 'ಮ್ಯಾಂಗಲ್ಡ್' ಅನ್ನುವ ಕ್ಲಾಸ್ ನೋಡಿ. ಗುರುತಿನ ಮೇಲೆ ಪದ್ಧತಿ ಆರಿಸುವ ಫಂಕ್ಷನ್ ಅಲ್ಲೇ ಇದೆ. ಇಟೇನಿಯಂ, ಮೈಕ್ರೋಸಾಫ್ಟ್, ರಸ್ಟ್ ಭಾಷೆಯ ವಿ0, ಡಿ ಭಾಷೆ, ಇವುಗಳ ಸಾಲಿನಲ್ಲಿ ನಿಮ್ಮದನ್ನೂ ನಿಲ್ಲಿಸಬೇಕು. ಎರಡು ಕಡೆಯೂ ಒಪ್ಪಂದ ಒಂದೇ: ಹೆಸರು ನಿಮ್ಮದಾದರೆ ಬಿಡಿಸಿದ ಸ್ಟ್ರಿಂಗ್ ಕೊಡಿ, ಅಲ್ಲದಿದ್ದರೆ ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಡಿ. ನನ್ನ ಕೋಡ್ ಇನ್ನೂರು ಸಾಲು ದಾಟಲಿಲ್ಲ. ಎರಡು ದಿನದಲ್ಲಿ ಬ್ಯಾಕ್‌ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿಯಲ್ಲಿ) 'ಸ್ಟೋರ್.ಓಪನ್' ಅಂತ ಕಾಣಿಸಿತು. ಆ ಖುಷಿ ಈಗಲೂ ನೆನಪಿದೆ.

ತಪ್ಪು ಮಾಡಿದ್ದು ಎರಡನೇ ದಿನ ಸಂಜೆ. ಕೆಲವು ಹೆಸರುಗಳ ಕೊನೆಯಲ್ಲಿ ಚುಕ್ಕೆಯ ಜೊತೆ ಏನೇನೋ ಬರುತ್ತಿತ್ತು: '.ಕೋಲ್ಡ್', '.ಪಾರ್ಟ್.0', '.ಕಾನ್ಸ್ಟ್‌ಪ್ರಾಪ್.0'. ಇವನ್ನು ನಾವು ಇಟ್ಟಿದ್ದಲ್ಲ, ಜಿಸಿಸಿ ಅಂಟಿಸಿದ್ದು. ನನ್ನ ಪಾರ್ಸರ್ (ಹೆಸರನ್ನು ಬಿಡಿಸಿ ಓದುವ ಭಾಗ) ಇಂಥ ಹೆಸರು ಸಿಕ್ಕಾಗ ನಲ್ ಕೊಡುತ್ತಿತ್ತು. ಚೆಂದದ ಹೆಸರುಗಳ ಮಧ್ಯೆ ಈ ಒರಟು ಹೆಸರುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಹಾಗಾಗಿ ಒಂದು ಸಾಲು ಸೇರಿಸಿದೆ: ಚುಕ್ಕೆ ಸಿಕ್ಕರೆ ಅಲ್ಲಿಗೇ ನಿಲ್ಲಿಸು, ಅಲ್ಲಿಯವರೆಗೆ ಬಿಡಿಸಿದ್ದನ್ನು ಕೊಡು, ಉಳಿದದ್ದನ್ನು ಬಿಡು. ಎಲ್ಲ ಹೆಸರೂ ಚೊಕ್ಕವಾಯಿತು. ತಂಡಕ್ಕೆಲ್ಲ ಹಂಚಿದೆ.

ಕೆಲವು ತಿಂಗಳ ನಂತರ ಜೊತೆಯ ಹುಡುಗಿಯೊಬ್ಬಳು ಬಂದು, 'ಸ್ಟೋರ್.ಓಪನ್ ಒಮ್ಮೊಮ್ಮೆ ಎರಡು ಸಲ ಕರೆಯಲ್ಪಡುತ್ತಿದೆ' ಅಂದಳು. ರಿಲೀಸ್ ಬಿಲ್ಡ್, ಡಿಬಗ್ ಮಾಹಿತಿ ಇಲ್ಲ, ಸಿಂಬಲ್ ಟೇಬಲ್ (ಫಂಕ್ಷನ್ ಹೆಸರು ಮತ್ತು ವಿಳಾಸಗಳ ಪಟ್ಟಿ) ಮಾತ್ರ ಇದೆ. ಅವಳ ಪಕ್ಕ ಕೂತು ನೋಡಿದೆ. ಸ್ಟೋರ್.ಓಪನ್ ಮೇಲೆ ಬ್ರೇಕ್‌ಪಾಯಿಂಟ್ (ಇಲ್ಲಿಗೆ ಬಂದರೆ ನಿಲ್ಲು ಅನ್ನುವ ಗುರುತು) ಹಾಕಿ ಓಡಿಸಿದಳು, ನಿಂತಿತು. ಬ್ಯಾಕ್‌ಟ್ರೇಸ್ ತೆಗೆದಳು, ಕರೆದವರು ಯಾರು ಅಂತ ಕಾಣಿಸಿತು. ಮುಂದುವರಿಸಿದಳು, ಮತ್ತೆ ಸ್ಟೋರ್.ಓಪನ್‌ನಲ್ಲೇ ನಿಂತಿತು. ಬ್ಯಾಕ್‌ಟ್ರೇಸ್ ಅದೇ, ಕರೆದವರು ಅವರೇ. ಆದರೆ ಮೊದಲ ಸಲ ಆರ್‌ಡಿಐ ರಿಜಿಸ್ಟರಿನಲ್ಲಿ ಫೈಲ್ ಹೆಸರಿನ ವಿಳಾಸ ಇತ್ತು (ಲಿನಕ್ಸ್ 64 ಬಿಟ್‌ನಲ್ಲಿ ಮೊದಲ ಆರ್ಗ್ಯುಮೆಂಟ್ ಅಲ್ಲಿ ಬರುತ್ತದೆ), ಎರಡನೇ ಸಲ ಅಲ್ಲಿ ಬರೀ 2. ಫೈಲ್ ಇದ್ದರೆ ಒಂದೇ ಸಲ ನಿಲ್ಲುತ್ತದೆ, ಫೈಲ್ ಇಲ್ಲದಿದ್ದರೆ ಎರಡು ಸಲ.

ಇದನ್ನು ನೋಡಿದ ಯಾರಿಗಾದರೂ ಏನನ್ನಿಸುತ್ತದೆ? ಫೈಲ್ ಸಿಗದಿದ್ದಾಗ ಯಾರೋ ಮತ್ತೆ ಪ್ರಯತ್ನಿಸುತ್ತಿದ್ದಾರೆ, ಎರಡನೇ ಸಲ ತಪ್ಪು ಆರ್ಗ್ಯುಮೆಂಟ್ ಕೊಡುತ್ತಿದ್ದಾರೆ. ನಾವೂ ಹಾಗೇ ನಂಬಿದೆವು. ಮೊದಲ ವಾರ ರೀಟ್ರೈ ಮಾಡುವ ಕೋಡೆಲ್ಲ ಜಾಲಾಡಿದೆವು. ಎರಡನೇ ವಾರ ಕಂಪೈಲರ್ ಮೇಲೆ ಅನುಮಾನ ಬಂದು, ಅದು ಬರೆದ ಸಿ ಕೋಡನ್ನು ಸಾಲು ಸಾಲಾಗಿ ಓದಿದೆ. ಕರೆ ಒಂದೇ ಇತ್ತು. ಮೂರನೇ ವಾರ ಥ್ರೆಡ್‌ಗಳ ಮೇಲೆ ಅನುಮಾನ ಬಂತು. ಆ ದಿನಗಳಲ್ಲಿ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ನಮ್ಮ ರನ್‌ಟೈಮ್ ಅಡಿಪಾಯದಲ್ಲೇ ಏನೋ ಬಿರುಕು ಇದೆ ಅಂತ ಹೆದರಿದ್ದೆ.

ಕೊನೆಗೆ ಬೇರೇನೋ ಹುಡುಕುವಾಗ 'ಸೆಟ್ ಪ್ರಿಂಟ್ ಡಿಮ್ಯಾಂಗಲ್ ಆಫ್' ಅಂತ ಕೊಟ್ಟೆ, ಅಂದರೆ ಹೆಸರನ್ನು ಬಿಡಿಸಬೇಡ, ಇದ್ದ ಹಾಗೇ ತೋರಿಸು ಅಂತ. ಮೊದಲ ಸಲ ನಿಂತಾಗ '_ಕ್ಯೂ5ಸ್ಟೋರ್4ಓಪನ್'. ಎರಡನೇ ಸಲ ನಿಂತಾಗ '_ಕ್ಯೂ5ಸ್ಟೋರ್4ಓಪನ್.ಕೋಲ್ಡ್'.

ಇಲ್ಲಿ ಸ್ವಲ್ಪ ನಿಧಾನಕ್ಕೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಇಡೀ ಉತ್ತರದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ. ಆಪ್ಟಿಮೈಸ್ ಮಾಡುವಾಗ (ಕೋಡ್ ವೇಗವಾಗಿ ಓಡುವಂತೆ ಬದಲಿಸುವಾಗ) ಜಿಸಿಸಿ ಒಂದು ಫಂಕ್ಷನ್ನನ್ನು ಎರಡು ತುಂಡು ಮಾಡಬಲ್ಲದು. ಯಾವಾಗಲೂ ಓಡುವ ಭಾಗ ಒಂದು ಕಡೆ, ಅಪರೂಪಕ್ಕೆ ಓಡುವ ಭಾಗ ದೂರದಲ್ಲಿ ಬೇರೆ ಸೆಕ್ಷನ್‌ನಲ್ಲಿ. ನಮ್ಮ ಎರರ್ ವರದಿ ಮಾಡುವ ಫಂಕ್ಷನ್ನಿಗೆ ನಾವೇ 'ಕೋಲ್ಡ್' ಗುರುತು ಹಾಕಿದ್ದೆವು. ಅದರಿಂದ ಅದನ್ನು ಕರೆಯುವ ದಾರಿಗಳೆಲ್ಲ ದೂರದ ತುಂಡಿಗೆ ಹೋಗಿದ್ದವು. ಆ ತುಂಡಿನ ಸಿಂಬಲ್ಲಿನ ಹೆಸರೇ '.ಕೋಲ್ಡ್' ಬಾಲದ್ದು. ಅದು ಬೇರೆ ಫಂಕ್ಷನ್ ಅಲ್ಲ. ಯಾರೂ ಅದನ್ನು ಕರೆಯುವುದಿಲ್ಲ, ಮೊದಲ ತುಂಡಿನಿಂದ ಒಂದು ಜಂಪ್ ಅಷ್ಟೇ. ಜಂಪ್ ಆದ್ದರಿಂದ ಸ್ಟಾಕ್‌ನಲ್ಲಿ ಹೊಸ ಫ್ರೇಮ್ ಇಲ್ಲ, ಅದಕ್ಕೇ ಕರೆದವರು ಅವರೇ ಅಂತ ಕಾಣಿಸಿದ್ದು. ಫಂಕ್ಷನ್ನಿನ ಮಧ್ಯದಲ್ಲಿ ನಿಂತಿದ್ದರಿಂದ ಆರ್‌ಡಿಐ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಬಳಕೆಯಾಗಿತ್ತು. ಆ 2 ಅನ್ನುವುದು ಲಿನಕ್ಸಿನಲ್ಲಿ 'ಅಂಥ ಫೈಲ್ ಇಲ್ಲ' ಅನ್ನುವ ಎರರ್ ಸಂಖ್ಯೆ. ಮೂರು ವಾರ ಉತ್ತರ ನಮ್ಮ ಕಣ್ಣ ಮುಂದೆಯೇ ಇತ್ತು.

ಇದರಲ್ಲಿ ಡಿಮ್ಯಾಂಗ್ಲರ್ ಪಾತ್ರ ಏನು? ಡಿಬಗರ್ ಬಿಡಿಸಿದ ಹೆಸರನ್ನು ತೋರಿಸಲು ಮಾತ್ರ ಬಳಸುವುದಿಲ್ಲ. ಹುಡುಕುವುದಕ್ಕೂ ಅದನ್ನೇ ಬಳಸುತ್ತದೆ. ಸಿಂಬಲ್ ಟೇಬಲ್ ಓದುವಾಗಲೇ ಹೆಸರುಗಳನ್ನು ಬಿಡಿಸಿ ಒಂದು ಹ್ಯಾಶ್ ಟೇಬಲ್ ಕಟ್ಟಿಕೊಳ್ಳುತ್ತದೆ. ನೀವು ಬ್ರೇಕ್‌ಪಾಯಿಂಟ್ ಹಾಕುವಾಗ ಟೈಪ್ ಮಾಡಿದ ಹೆಸರನ್ನು ಆ ಟೇಬಲ್ಲಿನಲ್ಲೇ ನೋಡುತ್ತದೆ. ನಾನು ಎರಡು ಬೇರೆ ಸಿಂಬಲ್‌ಗಳಿಗೆ ಒಂದೇ ಹೆಸರು ಕೊಟ್ಟಿದ್ದೆ, ಅದು ಎರಡು ಕಡೆಯೂ ಬ್ರೇಕ್‌ಪಾಯಿಂಟ್ ಹಾಕಿತು. 'ಎರಡು ಜಾಗ' ಅಂತ ಹೇಳಿಯೂ ಇತ್ತು. ನಾನೇ ಅದನ್ನು ಗಮನಿಸದೆ ದಾಟಿದ್ದೆ. ಅದಕ್ಕೊಂದು ಕಾರಣ ಇದೆ: ಸಿ++ನಲ್ಲಿ ಕನ್‌ಸ್ಟ್ರಕ್ಟರ್ ಮೇಲೆ ಬ್ರೇಕ್‌ಪಾಯಿಂಟ್ ಹಾಕಿದರೆ ಎರಡು ಜಾಗ ಬರುವುದು ಮಾಮೂಲು. ಇಟೇನಿಯಂ ಪದ್ಧತಿಯಲ್ಲಿ ಸಿ1, ಸಿ2 ಅಂತ ಎರಡು ಬಗೆಯ ಕನ್‌ಸ್ಟ್ರಕ್ಟರ್ ಇವೆ, ಬಿಡಿಸಿದರೆ ಎರಡೂ ಒಂದೇ ಹೆಸರಾಗುತ್ತವೆ. ವರ್ಷಗಟ್ಟಲೆ ಅದನ್ನು ನೋಡಿ ನೋಡಿ 'ಎರಡು ಜಾಗ' ಅನ್ನುವ ಮಾತು ನನಗೆ ಎಚ್ಚರಿಕೆ ಅನ್ನಿಸುವುದೇ ನಿಂತುಹೋಗಿತ್ತು.

ದೊಡ್ಡ ಡಿಮ್ಯಾಂಗ್ಲರ್‌ಗಳು ಈ ಬಾಲವನ್ನು ಏನು ಮಾಡುತ್ತವೆ ಅಂತ ಆಮೇಲೆ ನೋಡಿದೆ. ಗ್ನೂ (ಜಿಸಿಸಿ, ಜಿಡಿಬಿ ಇರುವ ಯೋಜನೆ) ಕಡೆಯದು ಹೆಸರಿನ ಕೊನೆಗೆ '[ಕ್ಲೋನ್ .ಕೋಲ್ಡ್]' ಅಂತ ಸೇರಿಸುತ್ತದೆ. ಎಲ್‌ಎಲ್‌ವಿಎಂ (ಎಲ್‌ಎಲ್‌ಡಿಬಿ ಇರುವ ಕಂಪೈಲರ್ ಯೋಜನೆ) ಕಡೆಯದು '(.ಕೋಲ್ಡ್)' ಅಂತ ಆವರಣದಲ್ಲಿ ಇಡುತ್ತದೆ. ರಸ್ಟ್ ವಿ0 ವ್ಯಾಕರಣದಲ್ಲಂತೂ ಚುಕ್ಕೆ ಅಥವಾ ಡಾಲರ್ ಚಿಹ್ನೆಯ ನಂತರ ಬರುವ ಬಾಲಕ್ಕೆ ಅಂತಲೇ ಜಾಗ ಇದೆ. ನಾನು ತೆಗೆದ ಮಾಹಿತಿಯನ್ನು ಅವರೆಲ್ಲ ಬೇಕು ಅಂತಲೇ ಉಳಿಸಿಕೊಂಡಿದ್ದಾರೆ. ನಾನೂ ಹಾಗೇ ಬದಲಿಸಿದೆ: ಬಾಲ ಚುಕ್ಕೆಯಿಂದ ಶುರುವಾದರೆ ಆವರಣದಲ್ಲಿ ತೋರಿಸು, ಬೇರೇನಾದರೂ ಉಳಿದಿದ್ದರೆ ನಲ್ ಕೊಡು. ಮಾರನೇ ದಿನ ಬ್ರೇಕ್‌ಪಾಯಿಂಟ್ ಒಂದೇ ಜಾಗಕ್ಕೆ ಬಿತ್ತು.

ಈಗ ನಿಮ್ಮ ವಿಷಯ. ಹೆಸರು ಚಿಕ್ಕದಾಗಬೇಕು ಅನ್ನುವುದನ್ನು ಡಿಮ್ಯಾಂಗ್ಲರ್ ಹತ್ತಿರ ಕೇಳಲೇಬೇಡಿ. ಬ್ಯಾಕ್‌ಟ್ರೇಸ್ ಓದಲು ಸುಲಭವಾಗಬೇಕು ಅಷ್ಟೇ ಆದರೆ ಜಿಡಿಬಿಯ ಪೈಥಾನ್ ಫ್ರೇಮ್ ಡೆಕೊರೇಟರ್ ಬಳಸಿ. 7.7ನೇ ಆವೃತ್ತಿಯಿಂದಲೇ ಇದೆ. ಅಲ್ಲಿ ಹೆಸರನ್ನು ಹೇಗೆ ಬೇಕಾದರೂ ಕತ್ತರಿಸಿ. ಅದು ತೋರಿಸುವುದಕ್ಕೆ ಮಾತ್ರ, ಹುಡುಕಾಟಕ್ಕೆ ತಾಗುವುದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ ಅನ್ನಿಸುತ್ತದೆ.

ಇನ್ನೊಂದು ಮಾತು, ನೀವು ಕೇಳದೇ ಇದ್ದದ್ದು. ಸ್ವಂತ ಪದ್ಧತಿ ನಿಮಗೆ ನಿಜಕ್ಕೂ ಬೇಕಾ? ಹೆಸರುಗಳನ್ನು ಇಟೇನಿಯಂ ಪದ್ಧತಿಯಲ್ಲೇ ಬರೆದರೆ ಜಿಡಿಬಿ, ಎಲ್‌ಎಲ್‌ಡಿಬಿ, ಪ್ರೊಫೈಲರ್‌ಗಳು, ಎನ್‌ಎಂ (ಬೈನರಿಯ ಸಿಂಬಲ್‌ಗಳನ್ನು ಪಟ್ಟಿ ಮಾಡುವ ಸಾಧನ) ಎಲ್ಲವೂ ಇವತ್ತೇ ಅರ್ಥಮಾಡಿಕೊಳ್ಳುತ್ತವೆ. ಡಿಬಗರನ್ನು ತಿದ್ದಿದರೆ ಪ್ರತಿ ಹೊಸ ಆವೃತ್ತಿಗೂ ಆ ತಿದ್ದುಪಡಿಯನ್ನು ಹೊತ್ತು ತಿರುಗಬೇಕು. ರಸ್ಟ್ ಕೂಡ ಶುರುವಿನಲ್ಲಿ ಇಟೇನಿಯಂನ '_ಝಡ್' ಗುರುತಿನ ಕೆಳಗೆ ಬದುಕಿತ್ತು, ಹೆಸರಿನ ಕೊನೆಗೆ 16 ಅಂಕಿಯ ಹ್ಯಾಶ್ ಅಂಟಿಸಿಕೊಂಡು. ಜೆನೆರಿಕ್ (ಬೇರೆ ಬೇರೆ ಟೈಪುಗಳಿಗೆ ಹೊಂದುವ ಕೋಡಿನ) ವಿವರಗಳು ಅದರಲ್ಲಿ ಹಿಡಿಸಲಿಲ್ಲ, ಆಮೇಲೆ '_ಆರ್' ಗುರುತಿನ ವಿ0 ಬಂತು. ನಿಮ್ಮ ಭಾಷೆ ಆ ಮಟ್ಟಕ್ಕೆ ಬೆಳೆದಾಗ ಸ್ವಂತ ಪದ್ಧತಿ ಮಾಡಿಕೊಳ್ಳಿ. ಈಗ ಸುಮ್ನೆ ಭಾರ.

ಇಲ್ಲ, ಬರೆದೇ ಬರೆಯುತ್ತೇನೆ ಅಂದರೆ ಒಂದು ಪರೀಕ್ಷೆ ತಪ್ಪದೇ ಇಡಿ. ನಿಮ್ಮ ಅತಿ ದೊಡ್ಡ ಬೈನರಿಯ ಎಲ್ಲ ಸಿಂಬಲ್‌ಗಳನ್ನು ಎನ್‌ಎಂ ಇಂದ ತೆಗೆಯಿರಿ, ಒಂದೇ ಹೆಸರು ಎರಡು ಸಲ ಇದ್ದರೆ ಮೊದಲು ಅದನ್ನು ತೆಗೆದುಹಾಕಿ. ಆಮೇಲೆ ಡಿಮ್ಯಾಂಗ್ಲರ್ ಮೂಲಕ ಹಾಯಿಸಿ, ವಿಂಗಡಿಸಿ, ಎರಡು ಸಲ ಬಂದ ಹೆಸರುಗಳನ್ನು ಮಾತ್ರ ಅಚ್ಚು ಮಾಡಿ. ಪಟ್ಟಿ ಖಾಲಿ ಇರಬೇಕು. ನಾನು ಮೊದಲ ದಿನವೇ ಇದನ್ನು ಮಾಡಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ಜೊತೆಗೆ ಕೆಟ್ಟ ಹೆಸರುಗಳನ್ನೂ ಕೊಟ್ಟು ನೋಡಿ. ಉದ್ದ 900 ಅಂತ ಹೇಳಿ ನಾಲ್ಕೇ ಅಕ್ಷರ ಉಳಿದಿದ್ದರೆ ನಿಮ್ಮ ಕೋಡ್ ಏನು ಮಾಡುತ್ತದೆ? ಡಿಬಗರ್ ಯಾರ ಬೈನರಿಯನ್ನಾದರೂ ತೆರೆಯುತ್ತದೆ, ಡಿಮ್ಯಾಂಗ್ಲರ್ ಬಿದ್ದರೆ ಡಿಬಗರೇ ಬೀಳುತ್ತದೆ. ಗ್ನೂ ಡಿಮ್ಯಾಂಗ್ಲರ್‌ನಲ್ಲಿ ರಿಕರ್ಷನ್ನಿಗೆ (ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯುವುದಕ್ಕೆ) 2048 ಅಂತ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ.

ಚುಕ್ಕೆಯನ್ನು ಹೆಸರುಗಳ ನಡುವೆ ಬಳಸುವ ಮುಂಚೆಯೂ ಯೋಚಿಸಿ. ಜಿಡಿಬಿಯಲ್ಲಿ ಪ್ರಿಂಟ್ ಮಾಡುವಾಗ 'ಸ್ಟೋರ್.ಓಪನ್' ಅಂದರೆ ಸಿ ಭಾಷೆಯ ಪ್ರಕಾರ ಸ್ಟೋರ್ ಅನ್ನುವ ಸ್ಟ್ರಕ್ಟಿನ ಒಂದು ಫೀಲ್ಡ್ ಅಂತ ಓದಿಕೊಳ್ಳುತ್ತದೆ. ಪ್ರತಿ ಸಲವೂ ಒಂಟಿ ಉದ್ಧರಣ ಚಿಹ್ನೆ ಹಾಕಬೇಕಾಗುತ್ತದೆ, ಅದು ಜಾಸ್ತಿ ಕಿರಿಕಿರಿ.

ನಿಮ್ಮ ಕಂಪೈಲರ್ ಸಿ ಕೋಡ್ ಬರೆಯುತ್ತದಾ, ನೇರ ಎಲ್‌ಎಲ್‌ವಿಎಂಗೆ ಹೋಗುತ್ತದಾ ಅಂತ ಬರೆದಿಲ್ಲ. ಒಂದು ರಿಲೀಸ್ ಬಿಲ್ಡ್ ಮೇಲೆ ಎನ್‌ಎಂ ಓಡಿಸಿ, ಚುಕ್ಕೆ ಇರುವ ಹೆಸರುಗಳನ್ನಷ್ಟೇ ಆರಿಸಿ ಪ್ರಶ್ನೆಗೆ ಸೇರಿಸಿ. ನೋಡಿ ಹೇಳುತ್ತೇನೆ.