‘ಕವರ್ ಸಲೀಸಾಗಿ ಕೂತಿತು’ ಅಂತ ಬರೆದವರಿಗೆ

ನಮಸ್ಕಾರ.

ನಿಮ್ಮ ‘ಅಜ್ಜನ ಅಂಬಾಸಿಡರ್’ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಹಳೇ ಕಾರಿನ ಸೀಟಿಗೆ ಹೊಸ ಕವರ್ ಹಾಕಿಸಿದ ಕಥೆ ಇದರೊಳಗೆ ಚೆನ್ನಾಗಿಯೇ ಇದೆ. ಅದು ಶುರುವಾಗುವುದು ಮಾತ್ರ ಐದನೇ ಪುಟದಲ್ಲಿ.

ಮೊದಲ ನಾಲ್ಕು ಪುಟಗಳಲ್ಲಿ ಇರುವುದೇನು? ಮಂಜು, ಕಾಫಿ ಹೂವಿನ ಘಮ, ಮಡಿಕೇರಿಯ ರಾಜಾಸೀಟಿನ ಸೂರ್ಯಾಸ್ತ, ಮತ್ತೆ ಮಂಜು. ಪ್ರವಾಸಕ್ಕೆ ಬಂದವರು ಹೀಗೆ ಬರೆದರೆ ಒಪ್ಪಬಹುದು. ನೀವು ಕೊಡಗಿನ ವಿರಾಜಪೇಟೆ ಕಡೆಯವರು, ಅಲ್ವಾ? ಆ ಹವೆ ನಿಮ್ಮ ಕಾರಿಗೆ ಏನು ಮಾಡಿತು ಅನ್ನುವುದನ್ನು ನೀವೇ ಹೇಳಬೇಕು. ಶೆಡ್ಡಿನ ಬಾಗಿಲು ತೆಗೆದಾಗ ಬಂದ ಮುಗ್ಗಲು ವಾಸನೆ, ಹಿಂದಿನ ಸೀಟಿನ ಮೇಲಿದ್ದ ಬೂಷ್ಟು, ಬೆರಳು ಒತ್ತಿದರೆ ಬಿರಿಯುತ್ತಿದ್ದ ಹೊಲಿಗೆ. ಇವೆಲ್ಲ ಐದನೇ ಪುಟದಲ್ಲಿವೆ. ಅಲ್ಲಿಂದಲೇ ಶುರು ಮಾಡಿ. ಹಿಂದಿನ ನಾಲ್ಕು ಪುಟ ತೆಗೆದುಬಿಡಿ.

ಇಸವಿಗಳ ಬಗ್ಗೆ ಒಂದು ಮಾತು. ಕಾರು 1955ರದು, ಕರ್ನಾಟಕದಲ್ಲಿ ನೋಂದಣಿ ಆಗಿದ್ದು ಅಂದಿದ್ದೀರಿ. ಅಂಬಾಸಿಡರ್ ತಯಾರಿ ಶುರುವಾಗಿದ್ದೇ 1957-58ರ ಹೊತ್ತಿಗೆ. ಅದಕ್ಕೆ ಮುಂಚೆ ಅದೇ ಹಿಂದೂಸ್ತಾನ್ ಮೋಟರ್ಸ್‌ನವರ ಲ್ಯಾಂಡ್‌ಮಾಸ್ಟರ್ ಇತ್ತು. ಇನ್ನು 1955ರಲ್ಲಿ ಕೊಡಗು ತಾನೇ ಒಂದು ರಾಜ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಆರ್‌ಸಿ ಬುಕ್ ಮನೆಯಲ್ಲೇ ಇರುತ್ತದೆ, ತೆಗೆದು ನೋಡಿ. ‘ಇಂಗ್ಲೆಂಡಿನಿಂದ ಬಂದ ಕಾರು’ ಅನ್ನುವುದೂ ಬೇಡ. ವಿನ್ಯಾಸ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನದು, ಕಾರು ತಯಾರಾಗಿದ್ದು ಕೋಲ್ಕತ್ತ ಹತ್ತಿರದ ಉತ್ತರಪಾಡಾದಲ್ಲಿ.

ಒಂದು ಪುಟದಲ್ಲಿ ‘ಶುದ್ಧ ಚರ್ಮದ ಸೀಟು’ ಅಂತಿದೆ, ಇನ್ನೊಂದರಲ್ಲಿ ‘ರೆಕ್ಸಿನ್’ ಅಂತಿದೆ. ಯಾವುದು ಸರಿ? ಬಿಚ್ಚಿದ ಹಳೇ ಕವರ್ ಇನ್ನೂ ಇದ್ದರೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ನವಿರಾದ ಜುಂಗು ಕಂಡರೆ ಚರ್ಮ.

ಇನ್ನು ದೊಡ್ಡ ತಕರಾರು. ‘ಕಕ್ಕಡ ತಿಂಗಳಲ್ಲಿ ಒಂದು ಮುಂಜಾನೆ ಹೊಸ ಕವರುಗಳನ್ನು ಅಂಗಳದ ಬಿಸಿಲಿಗೆ ಹರವಿದೆ.’ ಕಕ್ಕಡದ ಜಡಿಮಳೆಯಲ್ಲಿ ಬಿಸಿಲು? ನಮ್ಮ ಓದುಗರು ನಗುತ್ತಾರೆ. ಬಿಸಿಲಿಗೆ ಇಟ್ಟರೆ ರೆಕ್ಸಿನ್ ಮೆತ್ತಗಾಗುತ್ತದೆ, ಎಳೆದು ಕೂರಿಸಲು ಸುಲಭ ಅಂತ ಎಲ್ಲೋ ಓದಿರಬೇಕು. ಮಾತು ನಿಜವೇ. ಆದರೆ ಜುಲೈ ಕೊನೆಯಲ್ಲಿ ನೀವು ನಿಜವಾಗಿ ಏನು ಮಾಡಿದಿರಿ? ಕೂದಲು ಒಣಗಿಸುವ ಡ್ರೈಯರ್ ಹಿಡಿದಿರಾ, ಒಲೆಯ ಪಕ್ಕ ಇಟ್ಟಿರಾ? ಅದನ್ನು ಬರೆಯಿರಿ. ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬೇಕಾದಷ್ಟು ಬಿಸಿಲು ಇರುತ್ತದೆ, ಆದರೆ ಆಗ ಕಾಫಿ ಕೊಯ್ಲು, ಯಾರಿಗೂ ಪುರಸೊತ್ತಿಲ್ಲ. ಪುರಸೊತ್ತು ಸಿಗುವುದು ಮಳೆಗಾಲದಲ್ಲಿ, ಈ ಕೆಲಸಕ್ಕೆ ಮಳೆಗಾಲ ಆಗಿಬರುವುದಿಲ್ಲ. ಈ ಫಜೀತಿ ಮಂಜಿಗಿಂತ ಎಷ್ಟೋ ಚೆನ್ನಾಗಿದೆ.

‘ಕವರ್ ಸಲೀಸಾಗಿ ಕೂತಿತು.’ ಇದನ್ನು ನಾನು ನಂಬುವುದಿಲ್ಲ. ಸಲೀಸಾಗಿ ಕೂತ ಕವರ್ ಸ್ವಲ್ಪ ದಿನದಲ್ಲೇ ಸುಕ್ಕು ಬೀಳುತ್ತದೆ. ಸರಿಯಾಗಿ ಹೊಲಿದದ್ದು ಒಂಚೂರು ಬಿಗಿಯಾಗಿಯೇ ಇರಬೇಕು. ಒಳಹೊರಗು ಮಾಡಿ, ಮುಂದಿನ ಅಂಚಿನ ನಡುವಿನಿಂದ ಶುರು ಮಾಡಿ, ಎರಡೂ ಮೂಲೆಗೆ ಸಮನಾಗಿ ಎಳೆಯುತ್ತಾ ಬರಬೇಕು. ಪೈಪಿಂಗ್, ಅಂದರೆ ಹೊಲಿಗೆಗುಂಟ ಸೇರಿಸಿದ ಉರುಟು ಪಟ್ಟಿ, ಅಂಚಿಗೆ ಸರಿಯಾಗಿ ಬಂತಾ ಅಂತ ಪ್ರತಿ ಸಲ ನೋಡಬೇಕು. ಆಮೇಲೆ ಅಡಿಯಲ್ಲಿ ತಂತಿಗೆ ಸಿಕ್ಕಿಸಿ, ಹಾಗ್ ರಿಂಗ್ ಅನ್ನೋ ಬಾಯಿ ತೆರೆದ ಲೋಹದ ಉಂಗುರ ಇಟ್ಟು ಇಕ್ಕಳದಲ್ಲಿ ಅದುಮಬೇಕು. ಒಂದು ಕಡೆ ಜಾಸ್ತಿ ಎಳೆದರೆ ಇನ್ನೊಂದು ಕಡೆ ಹೊಲಿಗೆ ಸೊಟ್ಟಗಾಗುತ್ತದೆ, ಮತ್ತೆ ರಿಂಗ್ ಕತ್ತರಿಸಿ ಮೊದಲಿಂದ ಶುರು. ಅದರಲ್ಲೂ ನಿಮ್ಮದು ಮುಂದೆಯೂ ಉದ್ದಕ್ಕೆ ಒಂದೇ ಬೆಂಚ್ ಸೀಟು. ಇಷ್ಟನ್ನೆಲ್ಲ ಮೂರೇ ಪದದಲ್ಲಿ ಮುಗಿಸಿದರೆ ಓದುಗರಿಗೆ ಏನು ಸಿಕ್ಕಿತು?

ಗೋಣಿಕೊಪ್ಪಲಿನ ಆ ಕುಶನ್ ಕೆಲಸದವರಿಗೆ ನೀವು ಅನ್ಯಾಯ ಮಾಡಿದ್ದೀರಿ. ಕೊನೆಯಲ್ಲಿ ಅವರ ಬಾಯಲ್ಲಿ ‘ಈ ಆಸನಗಳಲ್ಲಿ ನಿಮ್ಮ ಪಿತಾಮಹರ ಸ್ಮೃತಿ ಅಡಗಿದೆ’ ಅಂತ ಹೇಳಿಸಿದ್ದೀರಿ. ಕುಶನ್ ಅಂಗಡಿಯಲ್ಲಿ ಹೀಗೆ ಮಾತಾಡುವವರನ್ನು ನಾನಂತೂ ಕಂಡಿಲ್ಲ. ಆದರೆ ಆರನೇ ಪುಟದಲ್ಲಿ ಅವರು ಹೇಳುವ ಮಾತು ನೋಡಿ: ‘ಸ್ಪ್ರಿಂಗ್ ಸತ್ತಿದೆ. ಮೊದಲು ಅದನ್ನು ನೋಡುವ, ಕವರ್ ಆಮೇಲೆ.’ ಇದು ಅವರದೇ ಮಾತು, ಕೇಳಿದ ತಕ್ಷಣ ಗೊತ್ತಾಗುತ್ತದೆ. ಮುರಿದ ಸ್ಪ್ರಿಂಗ್ ಬದಲಾಯಿಸಿ, ಅದರ ಮೇಲೆ ಹಳೇ ಕಾಫಿ ಚೀಲದ ಗೋಣಿ ಕತ್ತರಿಸಿ ಹಾಸಿದರು, ಆಮೇಲೆ ತೆಂಗಿನ ನಾರು, ಅದರ ಮೇಲೆ ತೆಳ್ಳಗೆ ಫೋಮ್ ಅಂತ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಗೋಣಿ ಯಾಕೆ? ಅದಿಲ್ಲದಿದ್ದರೆ ನಾರು ಸ್ಪ್ರಿಂಗಿನ ಸುರುಳಿಯೊಳಗೆ ಇಳಿದು ಸೀಟು ಗುಂಡಿ ಬೀಳುತ್ತದೆ. ಪೂರ್ತಿ ಫೋಮನ್ನೇ ಯಾಕೆ ತುಂಬಲಿಲ್ಲ? ನೀರು ಕುಡಿದ ಫೋಮ್ ನಿಮ್ಮ ಊರಿನ ಮಳೆಗಾಲದಲ್ಲಿ ಒಣಗುವುದು ಯಾವಾಗ? ಹೋಗಿ ಅವರನ್ನೇ ಕೇಳಿ, ಇನ್ನೂ ಏನೇನು ಹೇಳುತ್ತಾರೋ. ಹಳೇ ಕವರನ್ನು ಹೊಲಿಗೆ ಬಿಚ್ಚಿ, ತುಂಡು ತುಂಡಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಅಳತೆಗೆ ಇಟ್ಟುಕೊಂಡರು ಅನ್ನೋದೂ ಚೆನ್ನಾಗಿದೆ. ಅದನ್ನು ಬೆಳೆಸಿ.

ಸೀಟಿನ ಸಂದಿಯಲ್ಲಿ ಅಜ್ಜ ಅಜ್ಜಿಗೆ ಬರೆದ ಪತ್ರ ಸಿಕ್ಕಿತಂತೆ. ನಿಜವಾಗಿ ಸಿಕ್ಕಿದ್ದರೆ ಅದರಲ್ಲಿ ಏನಿತ್ತು ಹೇಳಿ. ಕಥೆಗೆ ಬೇಕು ಅಂತ ಸೇರಿಸಿದ್ದರೆ ದಯವಿಟ್ಟು ತೆಗೆಯಿರಿ. ಇಲಿ ಕೂಡಿಟ್ಟ ಕಾಫಿ ಸಿಪ್ಪೆ ಸಿಕ್ಕಿದ್ದನ್ನು ಬರೆದಿದ್ದೀರಲ್ಲ, ನನಗೆ ಅದೇ ಸಾಕು.

ಏಳು ಪುಟ ಜಾಸ್ತಿಯಾಯಿತು, ನಾಲ್ಕಕ್ಕೆ ಇಳಿಸಿ. ಪಾಲಿಶ್ ಹಾಕಿ ನಿಲ್ಲಿಸಿದ ಕಾರಿನ ಫೋಟೊಗಳು ನಮ್ಮಲ್ಲಿ ಬೇಕಾದಷ್ಟಿವೆ. ಕವರ್ ಕಿತ್ತು ಸ್ಪ್ರಿಂಗ್ ಕಾಣುತ್ತಿರುವ ಸೀಟಿನದು ಒಂದು ಇದ್ದರೆ, ಕೈ ನಡುಗಿ ಮಸುಕಾಗಿದ್ದರೂ ಪರವಾಗಿಲ್ಲ, ಅದನ್ನೇ ಕಳಿಸಿ.